ಪರದೆಯ ಆಚೆಯ ಬಿಸ್ಮಿಲ್ಲಾ

ಹತ್ತಿಗೂ ಜ್ಞಾನಕ್ಕೂ ಏನು ಸಂಬಂಧ ಎಂದು ಕೇಳಿದರೆ ತಿಳಿದವರು ನಗುತ್ತಾರೆ. ನಾನು ನಗುವುದಿಲ್ಲ. ನನ್ನ ಭಾವಮೈದುನನನ್ನು ಒಮ್ಮೆ ಕಂಡವರು ಯಾರೂ ನಗಲಾರರು.

ಅವನದು ಹಾಸಿಗೆ ಹೊಲಿಯುವ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಹತ್ತಿ ಹಿಂಜುವುದು, ತುಂಬುವುದು, ಹೊಲಿಯುವುದು. ಗಡ್ಡದಲ್ಲಿ ಹತ್ತಿ, ಹುಬ್ಬಿನಲ್ಲಿ ಹತ್ತಿ, ಕಣ್ಣಿನ ರೆಪ್ಪೆಯ ಮೇಲೂ ಹತ್ತಿ. ನಲವತ್ತು ದಾಟಿದ ಮನುಷ್ಯ ಅಂಗಡಿಯಿಂದ ನೇರವಾಗಿ ಮಸೀದಿಗೆ ಬಂದರೆ ಎಂಬತ್ತು ದಾಟಿದ ಮಹಾತ್ಮನಂತೆ ಕಾಣುತ್ತಿದ್ದ. ಓಣಿಯ ಮಕ್ಕಳು ಅವನನ್ನು ಹತ್ತಿ ಮಾಮ ಎನ್ನುತ್ತಿದ್ದರು; ದೊಡ್ಡವರಿಗೂ ಅದೇ ಹೆಸರು ರೂಢಿಯಾಯಿತು.

ಒಂದು ದಿನ ಮಸೀದಿಯ ಬಾಗಿಲಲ್ಲಿ ಯಾರೋ ಪರಊರಿನವರು ಅವನನ್ನು ಕಂಡು, ತಲೆ ತಗ್ಗಿಸಿ ಸಲಾಂ ಹೇಳಿ, “ಹಜ್ರತ್, ಊಟದ ನಡುವೆ ನೀರು ಕುಡೀಬಹುದಾ?” ಎಂದು ಕೇಳಿದರು. ಹತ್ತಿ ಮಾಮ ಕಣ್ಣು ಮುಚ್ಚಿದ. ಕಣ್ಣಿಗೆ ಹತ್ತಿಯ ಎಳೆ ಬಿದ್ದಿತ್ತು. ಬಹಳ ಹೊತ್ತು ರೆಪ್ಪೆ ಉಜ್ಜಿಕೊಂಡು, ಕೊನೆಗೆ ಕಣ್ಣಲ್ಲಿ ನೀರು ತುಂಬಿಕೊಂಡು, “ಬಾಯಾರಿದ್ರೆ ಕುಡೀಬಹುದು” ಎಂದ. ಆ ಕಣ್ಣೀರು ಕಂಡು ಪರಊರಿನವರು “ಸುಬ್‌ಹಾನಲ್ಲಾಹ್” ಎನ್ನುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋದರು.

ಅಂದಿನಿಂದ ಅವನು ಊಟದ ಅದಬಿನ, ಅಂದರೆ ಊಟದ ಶಿಷ್ಟಾಚಾರದ, ಪಂಡಿತನಾದ. ಬಲಗೈಯಲ್ಲೇ ಉಣ್ಣಬೇಕು, ತನ್ನ ಮುಂದಿರುವುದನ್ನೇ ಉಣ್ಣಬೇಕು, ಬರಕತ್ತು, ಅಂದರೆ ದೇವರು ಕೊಡುವ ಸಮೃದ್ಧಿ, ತಟ್ಟೆಯ ನಡುವೆ ಇಳಿಯುತ್ತದೆ, ಆದ್ದರಿಂದ ಅಂಚಿನಿಂದ ಉಣ್ಣಬೇಕು, ಬಿದ್ದ ತುತ್ತನ್ನು ಎತ್ತಿ, ಒರೆಸಿ ತಿನ್ನಬೇಕು, ಬಿಸಿಯಾದುದಕ್ಕೆ ಊದಬಾರದು, ಊಟಕ್ಕೆ ಹೆಸರಿಡಬಾರದು, ಅಂದರೆ ಕೊಂಕು ಹೇಳಬಾರದು. ಅವನು ಹೇಳುತ್ತಿದ್ದುದೆಲ್ಲ ನಿಜವೇ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿರುವುದನ್ನು ಹೀಗೆ ಹೇಳಿಕೊಂಡು ತಿರುಗಬಹುದು ಎಂಬುದು ಮಾತ್ರ ಬೇರೆ ಯಾರಿಗೂ ಹೊಳೆದಿರಲಿಲ್ಲ.

ನನ್ನ ಹೆಂಡತಿ ಇದ್ದಾಗ ತಮ್ಮನ ಮಾತು ಕೇಳಿ ನಗುತ್ತಿದ್ದಳು. ಅವಳು ಅದಬಿನ ಬಗ್ಗೆ ಮಾತಾಡಿದವಳಲ್ಲ. ಅಡಿಗೆಮನೆಯ ಬಾಗಿಲಿಗೆ ಒಂದು ಹಸಿರು ಪರದೆ ಇತ್ತು. ಬಡಿಸಿ ಮುಗಿಸಿದ ಮೇಲೆ ಅದರ ಆಚೆ ನಿಂತು ಎಲ್ಲರಿಗೂ ಕೇಳುವಂತೆ ಒಮ್ಮೆ “ಬಿಸ್ಮಿಲ್ಲಾ” ಎನ್ನುತ್ತಿದ್ದಳು. ಹತ್ತಿ ಮಾಮನೂ ಸೇರಿ ನಾವೆಲ್ಲ ಅದನ್ನೇ ಮೆಲ್ಲಗೆ ಹೇಳಿ ತುತ್ತು ಎತ್ತುತ್ತಿದ್ದೆವು. ನನ್ನ ಮದುವೆಯಾದ ದಿನದಿಂದ ನಡೆದ ಪದ್ಧತಿ ಅದು. ಅವಳು ಅಲ್ಲಾಹನ ಕರೆಗೆ ಓಗೊಟ್ಟು ಹೋದ ಮೇಲೆ ನಮ್ಮ ಮನೆಯಲ್ಲಿ ದಸ್ತರಖಾನ, ಅಂದರೆ ನೆಲದ ಮೇಲೆ ಹಾಸುವ ಊಟದ ಬಟ್ಟೆ, ಬಿಚ್ಚಿರಲೇ ಇಲ್ಲ. ಮಗಳು ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿದಾಗ ಬಂದು ಉಣ್ಣುತ್ತಿದ್ದಳು. ನಾನು ಹಸಿವಾದಾಗ, ಒಲೆಯ ಪಕ್ಕದಲ್ಲೇ.

ಆ ಬಟ್ಟೆ ಮತ್ತೆ ಬಿಚ್ಚುವ ಕಾಲ ಬಂದದ್ದು ಮಗಳ ಸಂಬಂಧಕ್ಕೆ. ಅದೇ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಒಬ್ಬ ಹುಡುಗ ಇದ್ದ. ನನ್ನ ಹೆಂಡತಿ ಕೊನೆಯ ಬಾರಿ ಅಲ್ಲಿ ಮಲಗಿದ್ದಾಗ ಮಾತ್ರೆ ತಂದುಕೊಟ್ಟು, ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದ. ಅವನ ಬೆನ್ನು ತಿರುಗುತ್ತಿದ್ದಂತೆ ಅವಳು, “ಇಂಥ ಹುಡುಗ ಸಿಕ್ಕಿದ್ರೆ ಬಿಡಬೇಡಿ” ಎಂದಿದ್ದಳು. ಅವಳು ನನ್ನಲ್ಲಿ ಕೇಳಿದ್ದು ಅದೊಂದೇ. ಅದು ನಡೆಯಲೇಬೇಕಿತ್ತು.

ಹುಡುಗನ ತಂದೆ ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಪೇಟೆಯಲ್ಲಿ ಅವರಿಗೆ ತೂಕದ ಸಾಹೇಬರು ಎಂದೇ ಹೆಸರು. ಅವರು ಬೀದಿಗೆ ಕಾಲಿಟ್ಟರೆ ಅಂಗಡಿಯ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತವೆ ಎಂದು ಜನ ಹೇಳುತ್ತಿದ್ದರು. ಸಂಬಂಧದ ಮಾತು ತಂದವರು ನಮ್ಮ ಓಣಿಯ ಕಸಾಯಿ. ಬರುವ ಭಾನುವಾರ ಮಧ್ಯಾಹ್ನದ ಊಟಕ್ಕೆ ಅವರು ಬರುತ್ತಾರೆಂದು ತಿಳಿಸಿ, ಹೋಗುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದರು.

“ಒಂದು ಮಾತು. ಹಿಂದೆ ಒಂದು ಸಂಬಂಧ ದಸ್ತರಖಾನದ ಮೇಲೇ ಮುರಿದುಹೋಯ್ತಂತೆ.”

“ಯಾಕೆ?”

“ಬಿಸಿ ಚಹಾಕ್ಕೆ ಊದಿದ್ರಂತೆ.”

“ಯಾರು?”

“ಅದು ಗೊತ್ತಿಲ್ಲ. ಊದಿದ್ದಂತೂ ನಿಜ.”

ನಾನು ಗಾಬರಿಯಾದೆ. ಹತ್ತಿ ಮಾಮನಿಗೆ ಮಾತ್ರ ಹಬ್ಬದ ಕಳೆ ಬಂತು. “ಭಾವ, ನೀವು ಸುಮ್ನೆ ಕೂತ್ಕೊಳ್ಳಿ. ಅಕ್ಕನ ಮಗಳ ಸಂಬಂಧ ಇದು. ನಾನಿದೀನಿ” ಎಂದ.

ಅವನು ಮೊದಲು ಮಾಡಿದ ಕೆಲಸ, ನಡುಮನೆಯಲ್ಲಿದ್ದ ದಿಂಬುಗಳನ್ನೆಲ್ಲ ಹೊರಗೆ ಸಾಗಿಸಿದ್ದು. ಒರಗಿಕೊಂಡು ಉಣ್ಣಬಾರದು. ದಿಂಬಿದ್ದರೆ ಮನುಷ್ಯ ಒರಗುತ್ತಾನೆ. ಊರಿಗೆಲ್ಲ ಹಾಸಿಗೆ ಹೊಲಿಯುವವನ ಬೀಗರು ಬರಿನೆಲದಲ್ಲಿ ಕೂರಬೇಕಾಯಿತು. ಪಕ್ಕದ ಮನೆಯ ಹೊಲಿಗೆಯಕ್ಕ ಗೋಡೆಯ ಮೇಲಿಂದ ಕತ್ತು ಚಾಚಿ, “ಏನ್ ಮಾಮ, ಮನೆ ಖಾಲಿ ಮಾಡಿಸ್ತಿದೀರಾ?” ಎಂದಳು.

“ನಿನಗೆ ತಿಳಿಯಲ್ಲಮ್ಮ. ಇದು ಅದಬು.”

“ಹಾಗಾದ್ರೆ ಭಾನುವಾರ ಗಡ್ಡದ ಹತ್ತಿ ಝಾಡಿಸಬೇಡಿ. ಹಾಗೇ ಬನ್ನಿ. ನಿಮ್ಮ ಅದಬೆಲ್ಲ ಅದರಲ್ಲೇ ಇರೋದು.”

ಅವಳು ತಮಾಷೆಗೆ ಅಂದಳು. ಅವನು ಸಲಹೆ ಎಂದು ತಿಳಿದ.

ಇನ್ನೊಂದು ತೊಡಕಿತ್ತು. ಹತ್ತಿ ಮಾಮ ಹುಟ್ಟು ಎಡಚ. ಸೂಜಿ ಹಿಡಿಯುವುದು ಎಡಗೈ, ಮೈಮರೆತರೆ ತಟ್ಟೆಗೆ ಹೋಗುವುದೂ ಅದೇ ಕೈ. ಅದಕ್ಕೊಂದು ಉಪಾಯ ಮಾಡಿದ್ದ: ಊಟಕ್ಕೆ ಕೂರುವಾಗ ಎಡಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂರುವುದು.

ಭಾನುವಾರ ಮಧ್ಯಾಹ್ನದ ಲುಹರ್ ನಮಾಜು ಮುಗಿಸಿ ತೂಕದ ಸಾಹೇಬರು ಬಂದರು. ಜೊತೆಗೆ ಅವರ ಬೇಗಂ. ಅವರು ಒಳಗೆ ಹೆಂಗಸರ ಕಡೆ ಹೋದರು. ಸಾಹೇಬರದು ನೆಟ್ಟಗಿನ ಬೆನ್ನು, ಬಿಗಿದ ತುಟಿ. ಒಳಗೆ ಕಾಲಿಟ್ಟವರೇ ಹತ್ತಿ ಮಾಮನನ್ನು ನೋಡಿದರು. ಹತ್ತಿ ಹಿಂಜುವ ಕೆಲಸ ಬೆಳಿಗ್ಗೆ ಸ್ವಲ್ಪ ಹೆಚ್ಚಾಗಿಯೇ ಮಾಡಿ ಬಂದಿದ್ದ ಅವನು ಹಿಮ ಬಿದ್ದ ಗುಡ್ಡದಂತೆ ಕೂತಿದ್ದ. ಸಾಹೇಬರ ಬೆನ್ನು ಇನ್ನೂ ನೆಟ್ಟಗಾಯಿತು.

ದೊಡ್ಡ ಹರಿವಾಣದಲ್ಲಿ ಮಾಂಸ ಬೆರೆಸಿದ ಅನ್ನ ಗೋಪುರದಂತೆ ಬಂತು. ಸುತ್ತ ನಾಲ್ವರು: ಸಾಹೇಬರು, ನಾನು, ಹತ್ತಿ ಮಾಮ, ಕಸಾಯಿ. ಮಗಳು ಪರದೆಯ ಆಚೆಗೆ ಹೋದಳು.

“ಶುರು ಮಾಡಿ ಸಾಹೇಬ್ರೇ” ಎಂದ ಹತ್ತಿ ಮಾಮ.

ಸಾಹೇಬರು ಅವನ ಬಿಳಿಯ ಹುಬ್ಬು ನೋಡಿದರು. “ಛೆ ಛೆ. ಹಿರಿಯರು ಕೂತಿರುವಾಗ ನಾನು ಕೈ ಹಾಕೋದುಂಟಾ? ನೀವು ಶುರು ಮಾಡಿ.”

“ನಾನೆಲ್ಲಿ ಹಿರಿಯ! ಹಿರಿಯರು ಭಾವ.”

“ನಾನು ಮನೆಯವನು. ಅತಿಥಿ ಮೊದಲು” ಎಂದೆ ನಾನು.

“ಅತಿಥಿಗಿಂತ ಹಿರಿಯರು ಮೊದಲು.”

“ಹಿರಿಯರಿಗಿಂತ ಅತಿಥಿ ಮೊದಲು.”

“ಎಲ್ಲರಿಗಿಂತ ಮೊದಲು ಅನ್ನ ಆರಿಹೋಗ್ತದೆ” ಎಂದರು ಕಸಾಯಿ.

ಯಾರೂ ಕೈ ಚಾಚಲಿಲ್ಲ. ನಮ್ಮ ಮನೆಯ ನಾವಿಬ್ಬರೂ ಏನನ್ನೋ ಕಾಯುತ್ತಿದ್ದೆವು. ಏನನ್ನು ಎಂದು ಆಗ ತಿಳಿಯಲಿಲ್ಲ. ಅಷ್ಟರಲ್ಲಿ ಅನ್ನದ ಗೋಪುರವೇ ಬೇಸತ್ತಿತೋ ಏನೋ, ಅದರ ಒಂದು ಪಕ್ಕ ಜಾರಿತು. ಒಂದು ಹಿಡಿಯಷ್ಟು ದಸ್ತರಖಾನದ ಮೇಲೆ ಬಿತ್ತು. ಇನ್ನೊಂದು ಹಿಡಿ ಬೀಳುವುದರಲ್ಲಿತ್ತು. ವಾಲಿದ ತಕ್ಕಡಿ ಕಂಡರೆ ಕೈ ತಾನಾಗಿ ಮುಂದಾಗುವ ಮನುಷ್ಯ ಸಾಹೇಬರು, ಅದನ್ನು ಗಪ್ಪನೆ ಹಿಡಿದರು. ಹಿಡಿದ ಮೇಲೆ ಏನು ಮಾಡುವುದು? ಹರಿವಾಣಕ್ಕೆ ಹಿಂದಿರುಗಿಸುವುದು ಅದಬಲ್ಲ. ಬಾಯಿಗೆ ಹಾಕಿಕೊಂಡರು. ಅವರು ಶುರು ಮಾಡಿದರೆಂದು ನಾವೂ ಶುರು ಮಾಡಿದೆವು.

ಊಟ ಶುರುವಾಗುವುದು ಕಷ್ಟವಾಗಿತ್ತು. ಮುಗಿಯುವುದು ಅದಕ್ಕಿಂತ ಕಷ್ಟ ಎಂಬುದು ಹರಿವಾಣ ಖಾಲಿಯಾದಾಗ ಗೊತ್ತಾಯಿತು. ಜೊತೆಯವನಿಗೆ ಇನ್ನೂ ಹಸಿವಿರಬಹುದು. ನಾವು ಕೈ ತೆಗೆದರೆ ಅವನು ನಾಚಿ ಎದ್ದುಬಿಡುತ್ತಾನೆ. ಆದ್ದರಿಂದ ಅವನು ಮುಗಿಸುವವರೆಗೆ ಕೈ ತೆಗೆಯಬಾರದು. ಇದು ಹತ್ತಿ ಮಾಮನಿಗೆ ಗೊತ್ತಿತ್ತು. ದುರದೃಷ್ಟಕ್ಕೆ ಸಾಹೇಬರಿಗೂ ಗೊತ್ತಿತ್ತು. ಎರಡು ಗಡಿಯಾರಗಳು ಒಂದನ್ನೊಂದು ನೋಡಿಕೊಂಡು ನಡೆದಂತೆ ಇಬ್ಬರೂ ಉಂಡರು. ಹತ್ತಿ ಮಾಮ, “ಸಾಹೇಬರು ಇನ್ನೂ ಉಣ್ತಿದಾರೆ, ತನ್ನಿ” ಎಂದ. ಎರಡನೆಯ ಹರಿವಾಣ ಬಂತು.

ಅದೂ ಕರಗಿತು. ಪರದೆಯ ಆಚೆ ಮಗಳು ಕೆಮ್ಮಿದಳು. ಖಾಲಿ ಪಾತ್ರೆಯನ್ನು ಸೌಟಿನಿಂದ ಕೆರೆದಳು. ಆ ಸದ್ದು ಅರ್ಥವಾಗದ ಗಂಡಸು ಲೋಕದಲ್ಲಿ ಇಲ್ಲ. ಆದರೆ ಹತ್ತಿ ಮಾಮ, “ತನ್ನಿ, ತನ್ನಿ” ಎಂದ.

ಹೊಲಿಗೆಯಕ್ಕನ ಮನೆಯ ಪಾತ್ರೆ ಗೋಡೆ ಹತ್ತಿ ಬಂತು. ಎದುರಿನ ಬೇಕರಿಯವನು ಒಂದು ಬುಟ್ಟಿ ರೊಟ್ಟಿ ತಂದು ಕಿಟಕಿಯಲ್ಲಿ ಇಣುಕಿದ.

“ಇನ್ನೂ ಉಣ್ತಾ ಇದಾರಾ? ನಾನು ಒಂದು ಒಲೆ ರೊಟ್ಟಿ ಸುಟ್ಟು ಮುಗಿಸಿದೆನಲ್ಲ!”

“ಮೆಲ್ಲಗೆ ಮಾತಾಡಿ. ಒಳಗೆ ಸಂಬಂಧ ನಡೀತಿದೆ” ಎಂದಳು ಹೊಲಿಗೆಯಕ್ಕ.

“ಸಂಬಂಧನೋ ಪಂದ್ಯನೋ?”

“ಯಾರು ಗೆದ್ರೂ ಸೋಲೋದು ನನ್ನ ಪಾತ್ರೆನೇ. ರಾತ್ರಿಗೂ ಸೇರಿಸಿ ಮಾಡಿದ್ದು ಅದು.”

ಇಲ್ಲೊಂದು ವಿಚಿತ್ರ ಹೇಳಬೇಕು. ಅಷ್ಟು ಉಂಡರೂ ಯಾರಿಗೂ ಹೊಟ್ಟೆ ತುಂಬಿದಂತೆ ಅನ್ನಿಸಲಿಲ್ಲ. ಭಾರವಾಗಿತ್ತು, ತುಂಬಿರಲಿಲ್ಲ. ಒಲ್ಲದ ಬಾಯಿ, ತಣಿಯದ ಹೊಟ್ಟೆ. ಕಸಾಯಿ ನನ್ನ ಕಿವಿಯಲ್ಲಿ, “ಇದೆಲ್ಲ ಎಲ್ಲಿಗೆ ಹೋಗ್ತಿದೆ? ಮಾಂಸ ಕಡಿದವನು ನಾನು. ಹನ್ನೆರಡು ಮಂದಿಗೆ ಸಾಕಾಗಿ ಮಿಗಬೇಕಿತ್ತು” ಎಂದರು. ಸಾಹೇಬರ ಹಣೆಯಲ್ಲೂ ಗೆರೆ ಮೂಡಿತ್ತು. ಒಳಗೆ ಬಂದ ತೂಕಕ್ಕೂ ಕೂತ ಜನಕ್ಕೂ ಎಲ್ಲೋ ಹೊಂದಿಕೆ ತಪ್ಪಿದೆ ಎಂದು ಅವರ ವೃತ್ತಿ ಅವರಿಗೆ ಹೇಳುತ್ತಿದ್ದಂತಿತ್ತು. ನಾಲ್ವರೇ ಕೂತಿದ್ದೆವು, ಐದನೆಯವನೊಬ್ಬ ನಮ್ಮೆಲ್ಲರಿಗಿಂತ ಬೇಗ ಬೇಗ ಉಣ್ಣುತ್ತಿರುವಂತೆ ಹರಿವಾಣ ಬರಿದಾಗುತ್ತಿತ್ತು.

ಕೊನೆಗೆ ಎಲ್ಲವೂ ಮುಗಿಯಿತು. ಹರಿವಾಣ ಬರಿದು, ಬುಟ್ಟಿ ಬರಿದು. ಈಗಲಾದರೂ ಒಬ್ಬರು ‘ಅಲ್‌ಹಮ್ದುಲಿಲ್ಲಾಹ್’ ಎಂದು ದೇವರನ್ನು ಸ್ತುತಿಸಿದರೆ ಎಲ್ಲರೂ ಎದ್ದೇಳಬಹುದಿತ್ತು. ಆದರೆ ಮೊದಲು ಜಾರಿಬಿದ್ದ ಅನ್ನದಲ್ಲಿ ಒಂದು ತುತ್ತು ಇನ್ನೂ ದಸ್ತರಖಾನದ ಮೇಲೆ, ಹತ್ತಿ ಮಾಮನ ಮುಂದೆಯೇ ಇತ್ತು. ಸಾಹೇಬರು ಅದನ್ನು ನೋಡಿದರು. ಹತ್ತಿ ಮಾಮನೂ ನೋಡಿದ. ಬಿದ್ದ ತುತ್ತನ್ನು ಸೈತಾನನಿಗೆ ಬಿಡಬಾರದು. ಅವನು ಅದನ್ನು ಬಲಗೈಯಿಂದ ಎತ್ತಿ, ಮೆಲ್ಲಗೆ ಒರೆಸಿ, ಬಾಯಿಯ ಹತ್ತಿರ ತಂದ.

ತಂದವನ ಕೈ ಅಲ್ಲೇ ನಿಂತಿತು.

ಅವನ ಮುಖ ತಾನಾಗಿ ಹಸಿರು ಪರದೆಯ ಕಡೆಗೆ ತಿರುಗಿತು. ಹಾಗೇ ಕಾದ. ನಂತರ ನನ್ನ ಕಡೆ ತಿರುಗಿ, ಚಿಕ್ಕ ಹುಡುಗ ದೂರು ಹೇಳುವ ದನಿಯಲ್ಲಿ, “ಭಾವ, ಅಕ್ಕ ಇನ್ನೂ ಹೇಳ್ಲೇ ಇಲ್ಲವಲ್ಲ” ಎಂದ.

ಕಿಟಕಿಯಲ್ಲಿದ್ದ ಬೇಕರಿಯವನು ಟೋಪಿ ಸರಿಮಾಡಿಕೊಂಡ.

“ಏನು ಹೇಳಲಿಲ್ಲ?” ಸಾಹೇಬರು ಕೇಳಿದರು.

“ಬಿಸ್ಮಿಲ್ಲಾ” ಎಂದೆ. “ನಮ್ಮ ಮನೆಯಲ್ಲಿ ಅವಳು ಹೇಳ್ತಿದ್ದಳು. ಅದು ಕೇಳಿ ನಾವು ಹೇಳ್ತಿದ್ದೆವು.”

ಸಾಹೇಬರು ಕಸಾಯಿಯನ್ನು ನೋಡಿದರು. “ನೀವು ಹೇಳಿದ್ರಾ?”

“ನೀವು ಹೇಳಿದ್ರಿ ಅಂದ್ಕೊಂಡೆ.”

“ನಾನು ಹಜ್ರತರು ಹೇಳಿರ್ತಾರೆ ಅಂದ್ಕೊಂಡೆ” ಎಂದು ಸಾಹೇಬರು ಹತ್ತಿ ಮಾಮನನ್ನು ನೋಡಿದರು. ಊಟದ ಅದಬಿನ ಪಂಡಿತ ತುತ್ತನ್ನು ಗಾಳಿಯಲ್ಲಿ ಹಿಡಿದುಕೊಂಡೇ ಕೂತಿದ್ದ. ಅವನ ರೆಪ್ಪೆಯ ಹತ್ತಿ ನೆನೆದಿತ್ತು. ಈ ಸಲ ಎಳೆ ಕಣ್ಣಿಗೆ ಬಿದ್ದಿರಲಿಲ್ಲ.

ಚಹಾಕ್ಕೆ ಊದಿದ್ದಕ್ಕೇ ಸಂಬಂಧ ಮುರಿದ ಮನೆ. ಇಲ್ಲಿ ಅಲ್ಲಾಹನ ಹೆಸರೇ ಇಲ್ಲದೆ ಎರಡು ಹರಿವಾಣ, ನೆರೆಮನೆಯ ಒಂದು ಪಾತ್ರೆ, ಬುಟ್ಟಿ ತುಂಬ ರೊಟ್ಟಿ ಮುಗಿದಿತ್ತು. ಅವಳು ಕೇಳಿದ್ದು ಒಂದೇ ಒಂದು. ಅದೂ ಕೈಬಿಟ್ಟುಹೋಯಿತು ಎಂದುಕೊಂಡು ನಾನು ತಲೆ ತಗ್ಗಿಸಿದೆ.

ಆಗ ಪರದೆಯ ಆಚೆಯಿಂದ ಧ್ವನಿ ಬಂತು.

“ಬಿಸ್ಮಿಲ್ಲಾಹಿ ಅವ್ವಲಹೂ ವ ಆಖಿರಹೂ.”

ಶುರುವಿನಲ್ಲಿ ಮರೆತವರು ನೆನಪಾದಾಗ ಹೇಳುವ ಮಾತು ಅದು: ಇದರ ಮೊದಲಿಗೂ ಕೊನೆಗೂ ಅಲ್ಲಾಹನ ಹೆಸರಿನಿಂದ. ಹೇಳಿದ್ದು ನನ್ನ ಮಗಳು. ಆದರೆ ಆ ಏರು, ಆ ಇಳಿವು, ಕೊನೆಗೆ ಉಸಿರು ಬಿಡುವ ರೀತಿ! ಎಷ್ಟೋ ತಿಂಗಳು ಖಾಲಿಯಿದ್ದ ಪರದೆಯ ಆಚೆಯ ಆ ಜಾಗಕ್ಕೆ ಯಾರೋ ಬಂದು ನಿಂತಂತಾಯಿತು. ನಾವು ನಾಲ್ವರೂ, ಕಿಟಕಿಯಾಚೆ ಬೇಕರಿಯವನೂ ಅದನ್ನೇ ಹೇಳಿದೆವು. ಹತ್ತಿ ಮಾಮ ತುತ್ತನ್ನು ಬಾಯಿಗಿಟ್ಟ. ನಿಧಾನವಾಗಿ ಅಗಿದು ನುಂಗಿದ. “ಹೊಟ್ಟೆ ತುಂಬಿತು” ಎಂದ. ಅದೇ ಕ್ಷಣಕ್ಕೆ ನನಗೂ ತುಂಬಿತು. ಕಸಾಯಿ ಹೊಟ್ಟೆಯ ಮೇಲೆ ಕೈಯಿಟ್ಟು ಸುತ್ತಲೂ ನೋಡಿದರು.

ಸಾಹೇಬರ ತುಟಿ ಬಿಗಿದೇ ಇತ್ತು. ಆಮೇಲೆ ಅವರ ಭುಜ ಅಲುಗಿತು. ನಾನು ಸಿಟ್ಟು ಎಂದುಕೊಂಡೆ. ಅವರು ನಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೇಳಿದರು: “ಹದೀಸಿನಲ್ಲಿ ಬರ್ತದಲ್ಲ, ಒಬ್ಬರು ಬಿಸ್ಮಿಲ್ಲಾ ಹೇಳದೆ ಉಂಡು, ಕೊನೇ ತುತ್ತಿಗೆ ಇದನ್ನೇ ಹೇಳಿದ್ರು. ಅಲ್ಲೀವರೆಗೆ ಸೈತಾನ್ ಅವರ ಜೊತೆ ಕೂತು ಉಣ್ತಿದ್ದ, ಈ ಮಾತು ಕೇಳಿದ್ದೇ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಟ್ಟ ಅಂತ ಪೈಗಂಬರರು ನಕ್ಕರಂತೆ. ಅವರೇ ನಕ್ಕ ಮೇಲೆ ನಾವು ಅಳೋದು ಯಾಕೆ?”

“ನನ್ನ ಮಾಂಸ ಎಲ್ಲಿಗೆ ಹೋಯ್ತು ಅಂತ ಈಗ ಗೊತ್ತಾಯ್ತು” ಎಂದರು ಕಸಾಯಿ.

“ನೀವು ಮಾತಾಡಬೇಡಿ!” ಸಾಹೇಬರು ಅವರ ಕಡೆ ಬೆರಳು ತೋರಿಸಿದರು. “ಆ ಮನೆಯಲ್ಲಿ ಬಹಳ ದೊಡ್ಡ ಆಲಿಮರು, ಧರ್ಮ ಓದಿದ ಪಂಡಿತರು ಇದ್ದಾರೆ, ಕೂತು ಕೂತು ತಪ್ಪು ಹುಡುಕ್ತಾರೆ ಅಂತ ಹೆದರಿಸಿದವರು ನೀವೇ. ನಾಲ್ಕು ದಿನದಿಂದ ಮನೆಯಲ್ಲಿ ಅಭ್ಯಾಸ ಮಾಡಿ ಬಂದಿದ್ದೆ. ಇವರು ಕೈ ತೆಗೀಲಿ ಅಂತ ನಾನು ಕಾದದ್ದು ಆ ಅಲ್ಲಾಹನಿಗೇ ಗೊತ್ತು.”

“ನೀವು ತೆಗೀಲಿ ಅಂತ ನಾನು...” ಎಂದ ಹತ್ತಿ ಮಾಮ.

ನಾನು ಮೆಲ್ಲಗೆ ಕೇಳಿದೆ: “ಮತ್ತೆ, ಚಹಾಕ್ಕೆ ಊದಿ ಒಂದು ಸಂಬಂಧ ಮುರೀತು ಅಂತ...”

“ಊದಿದ್ದು ನಾನೇ!” ಎಂದರು ಸಾಹೇಬರು. “ಹೆಣ್ಣಿನ ಕಡೆಯವರು ಬೇಡ ಅಂದ್ರು.”

ಹತ್ತಿ ಮಾಮ ಈ ಮಾತಿಗೆ ಹಿಗ್ಗಿ, ಸಾಹೇಬರ ಕೈ ಕುಲುಕಲು ಎದ್ದ. ಆದರೆ ಅಷ್ಟು ಹೊತ್ತು ಅವನ ಕೆಳಗೆ ಸಿಕ್ಕಿದ್ದ ಎಡಗೈ ಮರಗಟ್ಟಿತ್ತು. ಊರಿದರೆ ನಿಲ್ಲಲಿಲ್ಲ. ಪಂಡಿತ ಹಾಗೇ ವಾಲಿ ತೂಕದ ಸಾಹೇಬರ ತೊಡೆಯ ಮೇಲೆ ಬಿದ್ದ. ಗಡ್ಡದ ಹತ್ತಿಯೆಲ್ಲ ಅವರ ಕೋಟಿನ ಮೇಲೆ ಹಾರಿತು. ಹತ್ತಿ ಹೋದ ಗಡ್ಡ ಕಪ್ಪಗಿತ್ತು. ಸಾಹೇಬರು ಬೆರಗಾಗಿ, “ಅಯ್ಯೋ, ನೀವು ನನಗಿಂತ ಚಿಕ್ಕವರು!” ಎಂದರು.

ಒಳಗಿನಿಂದ ಬೇಗಂ ಅವರ ದನಿ ಬಂತು: “ನಿಮ್ಮ ನಗು ಸಾಕು. ಈಗ ಬಿಸ್ಮಿಲ್ಲಾ ಹೇಳಿದ ಈ ಹುಡುಗಿ ನಮ್ಮ ಮನೆಗೆ ಯಾವಾಗ ಬರ್ತಾಳೆ ಅಂತ ಕೇಳಿ.”

ಸಾಹೇಬರು ನನ್ನ ಕಡೆ ತಿರುಗಿ, ಅಂದು ಮೊದಲ ಸಲ, “ಏನ್ ಹೇಳ್ತೀರಿ ಬೀಗರೇ?” ಎಂದರು. ನಾನು ಏನು ಹೇಳಿದೆನೋ ನೆನಪಿಲ್ಲ. ಮೂರು ಸಲ ಹೂಂ ಎಂದೆನೆಂದು ಕಸಾಯಿ ಹೇಳುತ್ತಾರೆ. ಸಾಹೇಬರು ಕೈಯೆತ್ತಿ ದುಆ ಮಾಡಿದರು: ಉಪವಾಸಿಗರು ಈ ಮನೆಯಲ್ಲಿ ಉಪವಾಸ ಬಿಡಲಿ, ಸಜ್ಜನರು ಈ ಮನೆಯ ಅನ್ನ ಉಣ್ಣಲಿ, ಮಲಕುಗಳು, ಅಂದರೆ ದೇವದೂತರು, ಈ ಮನೆಗಾಗಿ ಪ್ರಾರ್ಥಿಸಲಿ.

“ಎಲ್ಲರೂ ಒಂದೇ ದಿನ ಬರೋದು ಬೇಡ ಅಂತಲೂ ಸೇರಿಸಿ” ಎಂದಳು ಗೋಡೆಯಾಚೆಯಿಂದ ಹೊಲಿಗೆಯಕ್ಕ.

ಅವಳು ಅಂದದ್ದರಲ್ಲಿ ತಪ್ಪಿರಲಿಲ್ಲ. ಹೆಂಗಸರು ಯಾರೂ ಉಂಡಿರಲಿಲ್ಲ. ಬೇಗಂ, ಮಗಳು, ಪಾತ್ರೆ ಕಳೆದುಕೊಂಡ ಹೊಲಿಗೆಯಕ್ಕ ಮತ್ತವಳ ಅತ್ತೆ, ಜೊತೆಗೆ ಕೈನೆರವಿಗೆ ಬಂದಿದ್ದ ಬೇಕರಿಯವನ ಹೆಂಡತಿ. ಹೊಲಿಗೆಯಕ್ಕನ ಪಾತ್ರೆಯ ತಳದಲ್ಲಿ ಹತ್ತಿದ್ದ ಅನ್ನ ಕೆರೆದರೆ ಒಬ್ಬರ ಊಟ. ಉಣ್ಣದೆ ಹೊರಡಿ ಎಂದು ಅತಿಥಿಗೆ ಹೇಳುವಂತಿಲ್ಲ. ಬೇಗಂ ಅವರೇ ದಸ್ತರಖಾನ ಒಳಗೆ ಎಳೆದುಕೊಂಡು, “ಒಬ್ಬರ ಊಟ ಇಬ್ಬರಿಗೆ ಸಾಕು, ಇಬ್ಬರದು ನಾಲ್ವರಿಗೆ ಅಂದಿದ್ದಾರಲ್ಲ. ಬನ್ನಿ ಕೂರಿ” ಎಂದರು. ಮಗಳು ಗಟ್ಟಿಯಾಗಿ ಬಿಸ್ಮಿಲ್ಲಾ ಹೇಳಿದಳು.

ಅವರು ಉಂಡರು. ನಿಧಾನವಾಗಿ, ಮಾತಾಡುತ್ತ, ನಗುತ್ತ ಉಂಡರು. ಸಂಜೆಯ ಅಸರ್ ನಮಾಜಿನ ಅಜಾನ್ ಆದಾಗ ಎಲ್ಲರೂ ಅಲ್‌ಹಮ್ದುಲಿಲ್ಲಾಹ್ ಎಂದು ಎದ್ದರು. ಹೊಲಿಗೆಯಕ್ಕನ ಪಾತ್ರೆ ಗೋಡೆ ಹತ್ತಿ ಹಿಂದಿರುಗುವಾಗ ಅದರಲ್ಲಿ ಎರಡು ಹಿಡಿ ಅನ್ನ ಇತ್ತು. ನಾನೇ ಅದನ್ನು ಎತ್ತಿಕೊಟ್ಟದ್ದು. ಕೈಗೆ ಅದರ ಭಾರ ತಾಗಿ, ಮತ್ತೆ ಕೆಳಗಿಳಿಸಿ ಮುಚ್ಚಳ ತೆಗೆದೆ. ಹೆಂಗಸರು ಕಡಿಮೆ ಉಣ್ಣುತ್ತಾರೆ, ಅಷ್ಟೇ ಎಂದು ಹೊಲಿಗೆಯಕ್ಕ ಇಂದಿಗೂ ವಾದಿಸುತ್ತಾಳೆ. ಇರಬಹುದು. ತೂಕದ ಸಾಹೇಬರು ಮಾತ್ರ ಆ ಪಾತ್ರೆಯೊಳಗೆ ಬಗ್ಗಿ ನೋಡಿ, “ಇದು ನನ್ನ ಇಲಾಖೆಗೆ ಸೇರಿದ್ದಲ್ಲ” ಎಂದರು.

ಮದುವೆಯಾಯಿತು. ಮಗಳು ಹೋದಳು, ಎರಡೇ ಬೀದಿ ಆಚೆ, ಆದರೂ ಹೋದಳು. ಮಾರನೆಯ ಮಧ್ಯಾಹ್ನ ಹತ್ತಿ ಮಾಮ ಅಂಗಡಿ ಮುಚ್ಚಿ, ಕೇಳದೆಯೇ ನಮ್ಮ ಮನೆಗೆ ಬಂದ. ದಸ್ತರಖಾನ ಹಾಸಿದ. ಅನ್ನ ಬಡಿಸಿದ. ಆಮೇಲೆ ಎದ್ದು ಪರದೆಯ ಆಚೆಗೆ ಹೋದ.

“ಏನು ಬಿಟ್ಟೆಯೋ ಅಲ್ಲಿ? ಬಾ, ಕೂತ್ಕೋ” ಎಂದೆ.

“ತಡೀರಿ ಭಾವ. ಅಲ್ಲಿ ಕೂತು ಹೇಳಿದ್ರೆ ಸರಿ ಬರಲ್ಲ. ಇಲ್ಲಿಂದಲೇ ಹೇಳಬೇಕು.”

ನಂತರ ಗಂಟಲು ಸರಿಮಾಡಿಕೊಂಡು, ಬೇಕರಿಯವನ ಒಲೆಗೂ ಕೇಳುವಂತೆ, ಅವನು “ಬಿಸ್ಮಿಲ್ಲಾ” ಎಂದ. ಹೇಳಿ ಬಂದು ನನ್ನ ಎದುರು, ಎಡಗೈಯ ಮೇಲೆ ಕೂತ.

ಇಂದಿಗೂ ದಿನವೂ ಹಾಗೆಯೇ ನಡೆಯುತ್ತದೆ. ಅವನು ಬಗ್ಗಿದಾಗ ಗಡ್ಡದಿಂದ ಒಂದೆರಡು ಎಳೆ ಹತ್ತಿ ಅನ್ನದ ಮೇಲೆ ಉದುರುತ್ತದೆ. ನಾನು ನೋಡುತ್ತೇನೆ. ಏನೂ ಹೇಳುವುದಿಲ್ಲ. ಊಟಕ್ಕೆ ಹೆಸರಿಡಬಾರದು. ಅದಕ್ಕೆ ಇಡಬೇಕಾದ ಹೆಸರನ್ನು ಆಗಲೇ ಪರದೆಯ ಆಚೆಯಿಂದ ಇಟ್ಟಾಗಿರುತ್ತದೆ.